ಹತ್ತು ಗಂಟೆ ಹತ್ತು ನಿಮಿಷ, ಎಡಮಗ್ಗುಲು

ಗುರುವಾರ, ಹದಿನಾಲ್ಕನೇ ತಾರೀಖು
ವಾರ್ಡಿನ ಬಟ್ಟೆಕೋಣೆ, ಮಧ್ಯಾಹ್ನ ಮೂರು ಗಂಟೆ

ನನ್ನ ಪ್ರೀತಿಯ ಯಾಕಮ್ಮನಿಗೆ,

ಈ ಹೆಸರಿನಿಂದ ನಿನ್ನನ್ನು ಕರೆದು ಎಷ್ಟು ವರ್ಷವಾಯಿತೋ. ನರ್ಸಿಂಗ್ ಶಾಲೆಯಲ್ಲಿ ಟೀಚರ್ ಏನು ಹೇಳಿದರೂ ಎದ್ದು ನಿಂತು ಯಾಕೆ ಮೇಡಂ, ಯಾಕೆ ಮೇಡಂ ಅನ್ನುತ್ತಿದ್ದವಳು ನೀನು. ಹಾಸ್ಟೆಲಿನಲ್ಲಿ ಪಕ್ಕದ ಮಂಚದವಳಾದ ನಾನೇ ಈ ಹೆಸರಿಟ್ಟೆ. ಈಗ ಅದೇ ‘ಯಾಕೆ’ಗೆ ಸಂಶೋಧನೆ ಅನ್ನುತ್ತಾರೆ, ಸಂಬಳವನ್ನೂ ಕೊಡುತ್ತಾರೆ. ನಾನು ಮಾತ್ರ ಇಪ್ಪತ್ತೆರಡು ವರ್ಷದಿಂದ ಇದೇ ಮೂವತ್ತು ಮಂಚಗಳ ಸುತ್ತ ಸುತ್ತುತ್ತಿದ್ದೇನೆ.

ಫೋನ್ ಮಾಡಬಹುದಿತ್ತು. ಮೂರು ಸಲ ಕೈಗೆತ್ತಿಕೊಂಡು ಮೂರು ಸಲವೂ ಕೆಳಗಿಟ್ಟೆ. ನಿನ್ನ ದನಿ ಕೇಳಿದ ಕೂಡಲೇ ನಾನು ಮಂಡಿನೋವು, ಮಗನ ಪರೀಕ್ಷೆ ಅಂತ ಏನೇನೋ ಮಾತಾಡಿ ಇಟ್ಟುಬಿಡುತ್ತೇನೆ. ಕಾಗದ ಆದರೆ ನಡುವೆ ಯಾರೂ ಬಾಯಿ ಹಾಕುವುದಿಲ್ಲ.

ನೀನು ಕಳಿಸಿದ ವರದಿ ಬಂದು ಹತ್ತು ದಿನವಾಯಿತು. ಮೊದಲು ಕೊನೆಯ ಪುಟ ತೆಗೆದೆ, ಧನ್ಯವಾದ ಹೇಳಿರುವ ಪುಟ. ಪ್ರತಿ ಮಗ್ಗುಲನ್ನೂ ನಿಮಿಷ ಸಮೇತ ಪ್ರಾಮಾಣಿಕವಾಗಿ ದಾಖಲಿಸಿದ ವಾರ್ಡಿನ ಮುಖ್ಯ ಸಿಸ್ಟರ್‌ಗೆ ಅಂತ ಬರೆದಿದ್ದೀಯ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಅನ್ನುವ ಗಾದೆಗೆ ಇಷ್ಟು ದಿನ ನಗುತ್ತಿದ್ದೆ. ಅವತ್ತು ಇದೇ ಕೋಣೆಯಲ್ಲಿ, ಒಗೆದು ಬಂದ ದುಪ್ಪಟಿಗಳ ಮಧ್ಯೆ ಕೂತು ಓದುವಾಗ, ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿಕೊಂಡೆ.

ಆಮೇಲೆ ಮೊದಲಿಂದ ಓದಿದೆ. ನೀನು ಬರೆದ ಪ್ರಕಾರ ನಮ್ಮ ವಾರ್ಡಿನಲ್ಲಿ, ಮಲಗಿದಲ್ಲೇ ಇರುವ ರೋಗಿಗಳ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸುತ್ತಾರೆ. ಮೇಲಿನ ಮಹಡಿಯ ವಾರ್ಡಿನಲ್ಲಿ ಕೈ ಬಿಡುವಾದಾಗ ಬದಲಿಸುತ್ತಾರೆ. ಎಂಟು ತಿಂಗಳಲ್ಲಿ ನಮ್ಮ ಎಂಬತ್ತಾರು ಜನರಲ್ಲಿ ಒಂಬತ್ತು ಮಂದಿಗೆ, ಅವರ ತೊಂಬತ್ತೊಂದು ಜನರಲ್ಲಿ ಹತ್ತು ಮಂದಿಗೆ ಮಲಗಿ ಮಲಗಿ ಬೆಡ್‌ಸೋರ್ ಹುಣ್ಣಾಯಿತು. ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಆದ್ದರಿಂದ ಎರಡು ಗಂಟೆಯ ನಿಯಮ ಬೇಕಿಲ್ಲ, ನಾಲ್ಕೈದು ಗಂಟೆಗೊಮ್ಮೆ ಸಾಕು, ಉಳಿದ ಕೈಗಳನ್ನು ಬೇರೆ ಕೆಲಸಕ್ಕೆ ಹಾಕಬಹುದು ಅಂತ ಮುಗಿಸಿದ್ದೀಯ. ಸೋಮವಾರದ ಸಭೆ ಒಪ್ಪಿದರೆ ಮುಂದಿನ ತಿಂಗಳಿಂದ ಎಲ್ಲ ವಾರ್ಡುಗಳಿಗೂ ಅದೇ ನಿಯಮ.

ನಿನ್ನ ಲೆಕ್ಕದಲ್ಲಿ ತಪ್ಪಿಲ್ಲ ಕಣೇ. ತಪ್ಪಿರುವುದು ನಾನು ಕೊಟ್ಟ ಕಾಗದಗಳಲ್ಲಿ. ನಮ್ಮ ವಾರ್ಡಿನ ಮಗ್ಗುಲ ಚಾರ್ಟುಗಳು ಸುಳ್ಳು. ಎಂಟು ತಿಂಗಳಿನವೂ ಸುಳ್ಳು, ಅದಕ್ಕೆ ಮೊದಲಿನವೂ ಸುಳ್ಳು.

ಹೇಗೆ ಅಂತಲೂ ಹೇಳಿಬಿಡುತ್ತೇನೆ. ಬೆಳಗಿನ ಪಾಳಿಯಲ್ಲಿ ನಾವು ಇಬ್ಬರು ನರ್ಸುಗಳು, ಒಬ್ಬಳು ಆಯಾ. ಮಲಗಿದಲ್ಲೇ ಇರುವವರು ಹತ್ತು ಜನ. ಒಬ್ಬರ ಮಗ್ಗುಲು ತಿರುಗಿಸಲು ಇಬ್ಬರು ಬೇಕು, ಒಬ್ಬಳು ಹೆಗಲಿಗೆ, ಒಬ್ಬಳು ಸೊಂಟಕ್ಕೆ. ಎಂಟು ಗಂಟೆಗೆ ಮೈ ಒರೆಸಿ ಹಾಸಿಗೆ ಬದಲಿಸುವಾಗ ಎಲ್ಲರನ್ನೂ ತಿರುಗಿಸುತ್ತೇವೆ, ಅದು ನಿಜ. ಆಮೇಲೆ ಒಬ್ಬಳು ಎಕ್ಸ್‌ರೇಗೆ ಗಾಲಿಕುರ್ಚಿ ತಳ್ಳಿಕೊಂಡು ಹೋದರೆ, ಇನ್ನೊಬ್ಬಳು ಔಷಧಿ ಟ್ರಾಲಿ ಹಿಡಿದಿರುತ್ತಾಳೆ. ಹತ್ತು ಗಂಟೆಯ ಮಗ್ಗುಲು ಎಲ್ಲೋ, ಹನ್ನೆರಡರದು ಎಲ್ಲೋ. ಎರಡಕ್ಕೆ ಕಾಲು ಗಂಟೆ ಇರುವಾಗ, ಮುಂದಿನ ಪಾಳಿಯವರು ಬರುವ ಮೊದಲು, ನಾನು ಹತ್ತೂ ಚಾರ್ಟುಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂರುತ್ತೇನೆ. ಬಲ, ಎಡ, ಬೆನ್ನು. ಬಲ, ಎಡ, ಬೆನ್ನು. ನಮ್ಮಲ್ಲಿ ಅದಕ್ಕೆ ‘ಬರವಣಿಗೆ ಹೊತ್ತು’ ಅಂತ ಹೆಸರೇ ಇದೆ.

ಇಷ್ಟನ್ನು ಹೆಚ್ಚಿನ ವಾರ್ಡಿನವರೂ ಮಾಡುತ್ತಾರೆ. ನನ್ನ ಕೈಚಳಕ ಬೇರೆ. ತುಂಬಾ ಹಿಂದೆ ತಪಾಸಣೆಗೆ ಬಂದವರೊಬ್ಬರು, ಎಂಟು, ಹತ್ತು, ಹನ್ನೆರಡು ಅಂತ ಸರಿಯಾಗಿ ಬರೆದಿದ್ದನ್ನು ನೋಡಿ, ನಿಮ್ಮ ವಾರ್ಡೇನು ರೈಲು ನಿಲ್ದಾಣವೇ ಅಂತ ಎಲ್ಲರೆದುರು ಹಂಗಿಸಿದ್ದರು. ಅಂದಿನಿಂದ ನಾನು ಹತ್ತು ಗಂಟೆ ಅಂತ ಬರೆಯುವುದಿಲ್ಲ. ಮೂರನೇ ಮಂಚಕ್ಕೆ ಹತ್ತು ಗಂಟೆ ಎರಡು ನಿಮಿಷ, ಐದನೆಯದಕ್ಕೆ ಆರು ನಿಮಿಷ, ಏಳನೆಯದಕ್ಕೆ ಹತ್ತು ನಿಮಿಷ. ನಡೆದುಕೊಂಡು ಹೋದರೆ ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟು. ಒಂದೊಂದು ದಿನ ಬೇಕೆಂದೇ ಅರ್ಧ ಗಂಟೆ ತಡ. ಎರಡು ಪೆನ್ನು, ಒಂದು ನೀಲಿ, ಒಂದು ಕಪ್ಪು. ಬಂದವರಿಗೆಲ್ಲ ಇದನ್ನು ನಾನೇ ಕಲಿಸಿದೆ. ಬೇಲಿಯೇ ಎದ್ದು ಹೊಲ ಮೇಯಿತು ಅನ್ನುತ್ತಾರಲ್ಲ, ಮೇಯುವುದು ಹೇಗೆ ಅಂತ ನಾನು ಪಾಠವನ್ನೂ ಮಾಡಿದೆ.

ಅಧ್ಯಯನಕ್ಕೆ ವಾರ್ಡು ಆರಿಸಲು ಮೇಟ್ರನ್ ಕೋಣೆಯಲ್ಲಿ ನೀನು ಐದು ವಾರ್ಡಿನ ಚಾರ್ಟುಗಳನ್ನು ಹರಡಿಕೊಂಡು ಕೂತಿದ್ದ ದಿನ ನೆನಪಿದೆಯಾ? ಎಂಟು, ಹತ್ತು, ಹನ್ನೆರಡು ಅಂತ ಬರೆದಿದ್ದನ್ನೆಲ್ಲ, ಇವು ಕೂತಲ್ಲೇ ಬರೆದವು ಅಂತ ಪಕ್ಕಕ್ಕೆ ಸರಿಸಿದೆ. ಸರಿಯಾಗಿಯೇ ಹಿಡಿದೆ. ಆಮೇಲೆ ನನ್ನದನ್ನು ಎತ್ತಿಕೊಂಡು, “ಜೀವ ಇರೋ ಮನುಷ್ಯರು ಕೆಲಸ ಮಾಡಿದ್ರೆ ಚಾರ್ಟು ಹೀಗಿರುತ್ತೆ ನೋಡಿ” ಅಂತ ಮೇಟ್ರನ್‌ಗೆ ತೋರಿಸಿದೆ. ನನ್ನ ಬಾಯಲ್ಲಿ ಚಹಾ ಇತ್ತು. ಅದನ್ನು ನುಂಗಿದೆ, ಜೊತೆಗೆ ಮಾತನ್ನೂ ನುಂಗಿದೆ.

ಯಾಕೆ ಸುಮ್ಮನಿದ್ದೆ ಅಂತ ನೀನು ಕೇಳುತ್ತೀಯ. ಹೆದರಿಕೆ ಅಂದರೆ ಅರ್ಧ ಮಾತ್ರ ನಿಜ. ನೀನು ಹಿಂದೆ ರೋಗಿಗಳು ಬೀಳುವುದರ ಮೇಲೆ ಕೆಲಸ ಮಾಡಿದಾಗ ನಾನು ಆಡಿಕೊಂಡಿದ್ದೆ, ಬಿದ್ದವರನ್ನು ಎತ್ತುವುದು ಬಿಟ್ಟು ಎಣಿಸುತ್ತಾಳೆ ಅಂತ. ಆದರೆ ಎಣಿಸಿ ನೀನೇ ಕಂಡುಹಿಡಿದೆ, ಹೆಚ್ಚಿನವರು ಬೀಳುವುದು ಪಾಳಿ ಬದಲಾಗುವಾಗ, ನಾವೆಲ್ಲ ಮೇಜಿನ ಸುತ್ತ ನಿಂತು ವರದಿ ಒಪ್ಪಿಸುವಾಗ, ಶೌಚಕ್ಕೆ ಒಬ್ಬರೇ ಎದ್ದು ಹೋಗಿ ಅಂತ. ವರದಿಗೆ ಹತ್ತು ನಿಮಿಷ ಮೊದಲು ಎಲ್ಲರನ್ನೂ ಕೇಳಿ ಕರೆದುಕೊಂಡು ಹೋಗಿ ಅಂದೆ. ಔಷಧಿಯಿಲ್ಲ, ಯಂತ್ರವಿಲ್ಲ. ಆ ವರ್ಷ ಹನ್ನೊಂದು ಜನ ಬಿದ್ದಿದ್ದ ವಾರ್ಡಿನಲ್ಲಿ ಮರುವರ್ಷ ಬಿದ್ದವರು ಮೂರು ಜನ. ಅಂಥ ಕೆಲಸದಲ್ಲಿ ನನ್ನ ವಾರ್ಡಿನ ಹೆಸರೂ ಒಂದು ಸಾಲು ಬರಲಿ ಅಂತ ನನಗೆ ಆಸೆ ಇತ್ತು. ಹೇಳಲು ನಾಚಿಕೆಯಾಗುತ್ತದೆ, ಆದರೆ ಇತ್ತು.

ನೀನೇನೂ ಕುರುಡಾಗಿ ನಂಬಲಿಲ್ಲ. ಮೂರು ದಿನ ವಾರ್ಡಿನಲ್ಲಿ ಕೂತು ಕಣ್ಣಾರೆ ನೋಡುತ್ತೇನೆ ಅಂದೆ, ಬಂದೆ, ನೋಟ್‌ಬುಕ್ ಹಿಡಿದು ಕಿಟಕಿ ಪಕ್ಕ ಕೂತೆ. ಆ ಮೂರು ದಿನ ನಾವು ಹೇಗೆ ಓಡಿದೆವು ಗೊತ್ತಾ? ನನ್ನ ಜೊತೆಯ ನರ್ಸ್, ನಾವು ಬಾಯಿಬಡುಕಿ ಅನ್ನುತ್ತೇವಲ್ಲ, ಅವಳು ಬಾಯಿ ಬಿಡಲಿಲ್ಲ. ನಿಂತುಕೊಂಡೇ ಊಟ ಮಾಡಿದಳು. ಎಕ್ಸ್‌ರೇಗೆ ಕರೆದುಕೊಂಡು ಹೋಗಲು ನಾನು ಪಕ್ಕದ ವಾರ್ಡಿನ ಆಯಾಳನ್ನು ಬೇಡಿ ಕರೆತಂದೆ. ಎರಡು ಗಂಟೆಗೊಮ್ಮೆ, ಹತ್ತೂ ಜನಕ್ಕೆ, ಒಂದೂ ತಪ್ಪದೆ. ನೀನು ಚಾರ್ಟಿಗೂ ಗಡಿಯಾರಕ್ಕೂ ತಾಳೆ ನೋಡಿದೆ, ಎಲ್ಲ ಹೊಂದಿತು.

ಏಳನೇ ಮಂಚದಲ್ಲಿ ಒಬ್ಬ ಅಜ್ಜ ಇದ್ದರು, ಸೊಂಟದ ಮೂಳೆ ಮುರಿದಿತ್ತು. ಟೈಲರ್ ಅಜ್ಜ ಅನ್ನುತ್ತಿದ್ದೆವು. ಕಣ್ಣಲ್ಲೇ ಅಳತೆ ತೆಗೆಯುವ ಮನುಷ್ಯ. ನನ್ನ ಯೂನಿಫಾರಂ ನೋಡಿ ಎಡಭುಜ ಅರ್ಧ ಇಂಚು ಇಳಿದಿದೆ ಸಿಸ್ಟರ್, ಹೊಲಿದವನಿಗೆ ಆವತ್ತು ಹೆಂಡತಿ ಬೈದಿರಬೇಕು ಅಂದಿದ್ದರು. ನೀನು ಬರುವ ಹಿಂದಿನ ದಿನ ಅವರ ಬೆನ್ನಿನ ಕೊನೆಯಲ್ಲಿ, ಮೂಳೆ ಒತ್ತುವ ಜಾಗದಲ್ಲಿ, ಅಂಗಿಯ ಗುಂಡಿಯಷ್ಟು ಕೆಂಪಾಗಿತ್ತು. ಮೂರನೇ ದಿನ ಮಧ್ಯಾಹ್ನ ನೋಡಿದರೆ ಅದು ಇಲ್ಲ. ಬೆರಳಿಟ್ಟು ಒತ್ತಿ ನೋಡಿದೆ, ಚರ್ಮ ಆರೋಗ್ಯವಾಗಿತ್ತು. ನೀನು ಎಂಟು ತಿಂಗಳು ಹುಡುಕಿದ ಉತ್ತರ ಅವತ್ತು ನನ್ನ ಬೆರಳ ಕೆಳಗಿತ್ತು ಕಣೇ. ನೀನು ಹತ್ತು ಹೆಜ್ಜೆ ದೂರದಲ್ಲಿ ಕೂತು ಬರೆಯುತ್ತಿದ್ದೆ. ನಾನು ಕರೆಯಲಿಲ್ಲ. ಕರೆದರೆ, ಇಷ್ಟು ದಿನ ಯಾಕೆ ಕೆಂಪಾಗಿತ್ತು ಅಂತ ನೀನು ಕೇಳುತ್ತಿದ್ದೆ.

ನಾಲ್ಕನೇ ದಿನ ನೀನು ಹೋದೆ. ನಾವು ಹಳೆಯ ದಾರಿಗೆ ಬಂದೆವು. ವಾರದೊಳಗೆ ಕೆಂಪು ಮತ್ತೆ ಬಂತು, ಹತ್ತನೇ ದಿನ ಚರ್ಮ ಒಡೆಯಿತು, ಆಮೇಲೆ ಹುಣ್ಣು ಒಳಕ್ಕಿಳಿಯಿತು. ಅವರು ಒಂದು ದಿನವೂ ಗಂಟೆ ಒತ್ತಿ ಕರೆದವರಲ್ಲ. ಡ್ರೆಸ್ಸಿಂಗ್ ಮಾಡುವಾಗ ನಾನೇ ಸಿಡುಕಿದೆ, ನೋವಾದಾಗ ಕರೆಯಬಾರದಾ ಅಂತ. “ನೀವು ಓಡಾಡೋದು ನೋಡ್ತಾನೇ ಇರ್ತೀನಲ್ಲ ಸಿಸ್ಟರ್, ಕರೆಯೋಕೆ ಸಂಕೋಚ ಆಗುತ್ತೆ” ಅಂದರು. ಏಳನೇ ವಾರ ಹೋಗಿಬಿಟ್ಟರು. ನಂಜು ರಕ್ತಕ್ಕೆ ಏರಿತು ಅಂತ ಡಾಕ್ಟರು ಬರೆದರು. ವಯಸ್ಸಾಗಿತ್ತು, ಸಕ್ಕರೆ ಕಾಯಿಲೆಯೂ ಇತ್ತು, ಹೇಗಿದ್ದರೂ ಹೋಗುತ್ತಿದ್ದರೇನೋ. ಹಾಗೆ ಅಂದುಕೊಳ್ಳುವುದು ನನಗೆ ಬಹಳ ಅನುಕೂಲ, ಅದಕ್ಕೇ ಅದನ್ನು ನಂಬಲು ಆಗುತ್ತಿಲ್ಲ.

ನಿನ್ನ ವರದಿಯಲ್ಲಿ ಅವರೂ ಇದ್ದಾರೆ. ಸಮಯಕ್ಕೆ ಸರಿಯಾಗಿ ಮಗ್ಗುಲು ಬದಲಿಸಿದರೂ ಹುಣ್ಣಾದ ಒಂಬತ್ತು ಜನರಲ್ಲಿ ಒಬ್ಬರು. ನಮ್ಮ ವಾರ್ಡೂ ಮೇಲಿನ ವಾರ್ಡೂ ಮಾಡಿದ್ದು ಒಂದೇ ಕೆಲಸ. ಅವರು ಮಾಡದ್ದನ್ನು ಬರೆಯಲಿಲ್ಲ, ನಾನು ಬರೆದೆ. ಬೇರೆ ವ್ಯತ್ಯಾಸ ಹುಡುಕಿದರೆ ನಿನಗೆ ಹೇಗೆ ಸಿಗಬೇಕು?

ವರದಿ ಓದಿದ ಮರುದಿನದಿಂದ ನಿಜ ಬರೆಯಲು ಶುರು ಮಾಡಿದೆ. ತಿರುಗಿಸಿದ್ದರೆ ಹೊತ್ತು, ತಿರುಗಿಸದಿದ್ದರೆ ಚಾರ್ಟಿನ ಆ ಮನೆ ಖಾಲಿ, ಪಕ್ಕದಲ್ಲಿ ಕಾರಣ. ಬಾಯಿಬಡುಕಿ ಗಾಬರಿಯಾದಳು. ಖಾಲಿ ಬಿಟ್ಟರೆ ನಾವು ಕೆಲಸ ಮಾಡಿಲ್ಲ ಅಂತ ಆಗುತ್ತೆ ಅಂದಳು. ಮಾಡಿಲ್ವಲ್ಲ ಅಂದೆ. ಆಮೇಲೆ ಅವಳೂ ಬರೆದಳು. ಒಂಬತ್ತು ದಿನದ ಬೆಳಗಿನ ಪಾಳಿಯ ಚಾರ್ಟುಗಳನ್ನು ಇದರ ಜೊತೆ ಇಟ್ಟಿದ್ದೇನೆ. ಇನ್ನೂರ ಎಪ್ಪತ್ತು ಮನೆಗಳಲ್ಲಿ ತುಂಬಿದವು ನೂರ ಹದಿನೆಂಟು. ಖಾಲಿ ಇರುವ ನೂರ ಐವತ್ತೆರಡರಲ್ಲಿ ತೊಂಬತ್ತೇಳರ ಪಕ್ಕ ಒಂದೇ ಕಾರಣ ಇದೆ: ಒಬ್ಬಳೇ ಇದ್ದೆ. ಒಂಬತ್ತು ದಿನ ಅಂದರೆ ಸಂಶೋಧನೆ ಅಲ್ಲ ಅಂತ ನೀನು ಅನ್ನುತ್ತೀಯ, ಗೊತ್ತು. ಆದರೆ ನಿನ್ನ ವರದಿ ಒಪ್ಪಿಗೆಯಾದರೆ ಕಡಿಮೆಯಾಗುವುದು ಆ ಎರಡನೇ ಜೊತೆ ಕೈಗಳೇ.

ಸೋಮವಾರದ ಒಳಗೆ ವರದಿಯನ್ನು ಹಿಂದಕ್ಕೆ ತಗೋ. ನಿನ್ನ ಎರಡು ವರ್ಷದ ಕೆಲಸ ಅಂತ ನನಗೆ ಗೊತ್ತಿಲ್ಲವೇ? ನಿನ್ನ ಮೇಲಿನವರು ಕೇಳುವ ಪ್ರಶ್ನೆ, ಬೆನ್ನ ಹಿಂದೆ ಆಡುವ ಮಾತು, ಎಲ್ಲವೂ ನನ್ನಿಂದ. ಹೊಟ್ಟೆಗೆ ಹಾಕಿಕೋ ಅಂತ ಕೇಳುವ ಮುಖ ನನಗಿಲ್ಲ. ನನ್ನನ್ನು ಉಳಿಸಲು ಹೋಗಿ, ದಾಖಲೆಯಲ್ಲಿ ಸಣ್ಣ ದೋಷ ಅಂತೇನಾದರೂ ಬರೆದೀಯ, ನೀನು ಅಂಥವಳೇ. ಅದಕ್ಕೇ ಇದನ್ನೆಲ್ಲ ಬೇರೆ ಕಾಗದದಲ್ಲಿ ಬರೆದು ಬೆಳಗ್ಗೆಯೇ ಮೇಟ್ರನ್ ಕೈಗೆ ಕೊಟ್ಟೆ. ಅವರು ಎರಡು ಪುಟ ಓದಿ ಕನ್ನಡಕ ತೆಗೆದಿಟ್ಟರು. ವಿಚಾರಣೆ ಮುಗಿಯುವವರೆಗೆ ಶನಿವಾರದಿಂದ ಮನೆಯಲ್ಲಿರಿ ಅಂದರು. ಉಳಿದವರು ನಾನು ಕಲಿಸಿದ್ದನ್ನು ಮಾಡಿದವರು, ಅವರನ್ನು ಬಿಡಿ ಅಂತ ಕೇಳಿಕೊಂಡಿದ್ದೇನೆ. ನಿನ್ನನ್ನು ಕೇಳಿದರೆ ನೀನೂ ಅದನ್ನೇ ಹೇಳು.

ನೀನು ಮತ್ತೆ ಮಾಡುತ್ತೀಯ ಅಂತ ನಂಬಿದ್ದೇನೆ. ಬೇರೆ ವಾರ್ಡಿನಲ್ಲಿ, ಬೇರೆಯವರ ಜೊತೆ. ಈ ಸಲ ಮೂರು ದಿನ ಹೇಳಿ ಬರಬೇಡ, ಹೇಳದೆ ಬಾ.

ಇನ್ನೂ ನಿನ್ನ ಗೆಳತಿಯೇ ಅಂದುಕೊಂಡಿರುವ,
ವಾರ್ಡಿನ ಸಿಸ್ಟರ್

ಮರೆತ ಮಾತು: ಮರೆತದ್ದಲ್ಲ. ಮೇಟ್ರನ್‌ಗೆ ಕೊಟ್ಟ ಕಾಗದದಲ್ಲಿ ಇದಿಲ್ಲ, ನಿನಗೂ ಬರೆಯಬಾರದು ಅಂತಲೇ ಸಹಿ ಹಾಕಿದ್ದೆ. ಟೈಲರ್ ಅಜ್ಜ ಹೋದ ಮರುವಾರ ಅವರ ಹೆಂಡತಿ ವಾರ್ಡಿಗೆ ಬಂದಿದ್ದರು. ಜಗಳಕ್ಕಲ್ಲ. ಮೇಜಿನ ಮುಂದೆ ನಿಂತು, ಅವರನ್ನು ಸರಿಯಾಗಿ ಹೊರಳಿಸುತ್ತಿದ್ದರಾ ಅಂತ ಒಂದೇ ಮಾತು ಕೇಳಿದರು. ನಾನು ಫೈಲು ತರಿಸಿದೆ. ಅವರ ಕಣ್ಣು ಮಂಜು ಅಂತ ಒಂದೊಂದೇ ಮನೆಯ ಮೇಲೆ ಬೆರಳಿಟ್ಟು ನಾನೇ ಓದಿ ಹೇಳಿದೆ. ಎಂಟು ಗಂಟೆ ಹನ್ನೆರಡು ನಿಮಿಷ, ಬಲಮಗ್ಗುಲು. ಹತ್ತು ಗಂಟೆ ಹತ್ತು ನಿಮಿಷ, ಎಡಮಗ್ಗುಲು. ನಾಲ್ಕು ಪುಟ ಓದುವಷ್ಟರಲ್ಲಿ ಅವರು ನನ್ನ ಕೈ ಹಿಡಿದುಕೊಂಡರು. “ಇಷ್ಟೆಲ್ಲ ಮಾಡಿದ್ದೀರಿ, ನಾನು ನಿಮ್ಮ ಮೇಲೆ ಅನುಮಾನ ಪಟ್ಟೆ. ತಪ್ಪಾಯ್ತು ಸಿಸ್ಟರ್, ಕ್ಷಮಿಸಿಬಿಡಿ” ಅಂದರು. ಪರವಾಗಿಲ್ಲ ಬಿಡಿ ಅಜ್ಜಿ ಅಂದೆ. ಕ್ಷಮಿಸಿ ಕಳಿಸಿದೆ.