ಹುಳು ಮನೆಗೆ ಬಂದ ಬೆಂಗಳೂರು ನೀರು

ಸಾದಲಿ
೨೦–೧–೨೦೨೫

ಪ್ರೀತಿಯ ಮಗಳು ಕವಿತಮ್ಮನಿಗೆ ನಿನ್ನ ಅಮ್ಮನ ಆಶೀರ್ವಾದಗಳು.

ಹೇಗಿದ್ದೀಯ ಕಂದ? ಕೆಮ್ಮು ಹೋಯಿತೇ? ಆ ನಾಲ್ಕನೇ ಮಹಡಿಯ ಕೋಣೆಯಲ್ಲಿ ಕಿಟಕಿ ತೆಗೆದು ಮಲಗಬೇಡವೆಂದು ಎಷ್ಟು ಸಲ ಹೇಳಿದ್ದೇನೆ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನಿಮ್ಮಜ್ಜಿಗೆ ಮಂಡಿನೋವು, ಬಾಯಿಗೆ ಮಾತ್ರ ಏನೂ ಆಗಿಲ್ಲ. ಫೋನ್ ಇರುವಾಗ ಕಾಗದವೇಕೆ ಎಂದು ನಗುತ್ತೀಯ. ಫೋನಿನಲ್ಲಿ ಮಾತಾಡಿದರೆ ನಿಮ್ಮಪ್ಪ ಪಕ್ಕದಲ್ಲೇ ಕೂತು, ಪೇಪರ್ ಓದುವವರ ಹಾಗೆ ನಟಿಸುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ. ಬರೆಯಬೇಕಾಗಿರುವುದು ಅವರ ವಿಷಯವೇ. ಆದ್ದರಿಂದ ಅವರು ತೋಟಕ್ಕೆ ಹೋದ ಹೊತ್ತು ನೋಡಿ ಕೂತಿದ್ದೇನೆ. ಪಕ್ಕದ ಮನೆ ಮುನಿಶಾಮಿ ಇವತ್ತು ಹೂಕೋಸಿನ ಗಾಡಿಯಲ್ಲಿ ಬೆಂಗಳೂರಿಗೆ ಹೊರಟಿದ್ದಾನೆ, ಹಿತಕಿದ ಬೇಳೆಯ ಡಬ್ಬಿಯ ಜೊತೆ ಇದನ್ನೂ ಕೊಡುತ್ತಾನೆ. ಬೇಳೆಯನ್ನು ಅವತ್ತೇ ಸಾರು ಮಾಡು, ಇಟ್ಟರೆ ಹಳಸುತ್ತದೆ.

ದೀಪಾವಳಿಯ ದಿನ ನಡೆದದ್ದು ನಿನ್ನ ಮನಸ್ಸಿನಿಂದ ಹೋಗಿಲ್ಲವೆಂದು ನನಗೆ ಗೊತ್ತು. ಸಂಕ್ರಾಂತಿಗೂ ನೀನು ಬರಲಿಲ್ಲ. ಬೆಂಗಳೂರಿನ ಜನ ಬಳಸಿ ಬಿಟ್ಟ ನೀರನ್ನು ಶುದ್ಧಮಾಡುವ ಕಡೆ ನಿನಗೆ ಕೆಲಸ ಸಿಕ್ಕಿದಾಗಿನಿಂದ ನಿಮ್ಮಪ್ಪ ಊರಿನಲ್ಲಿ "ನಮ್ ಹುಡುಗಿ ನೀರಿನ ಆಫೀಸ್‌ನಾಗವ್ಳೆ" ಎಂದು ಹೇಳಿ ಮಾತು ಬೇರೆ ಕಡೆ ತಿರುಗಿಸುತ್ತಿದ್ದರು. ಹೋದ ಬೇಸಿಗೆಯಲ್ಲಿ ಆ ನೀರೇ ದೊಡ್ಡ ಪೈಪಿನಲ್ಲಿ ಬಂದು, ಆಕಾಶದಲ್ಲಿ ಒಂದು ಮೋಡವಿಲ್ಲದೆ ನಮ್ಮ ಕೆರೆ ತುಂಬಿತು. ಹುಡುಗರ ಕ್ರಿಕೆಟ್ ಮೈದಾನ ಮುಳುಗಿತು, ಬೆಳ್ಳಕ್ಕಿ ಬಂದವು, ದಸರಾ ಹೊತ್ತಿಗೆ ಕಟ್ಟೆಯ ಕೆಳಗಿನ ನಮ್ಮ ಸತ್ತ ಬೋರ್‌ವೆಲ್ ಮತ್ತೆ ನೀರು ಉಗುಳಿತು. ಊರೆಲ್ಲ ಕುಣಿದರೆ ಇವರು ಮೂಗು ಹಿಡಿದು ನಿಂತರು. ನೀನು ಹಬ್ಬಕ್ಕೆ ಬಂದವಳು, ಕೆರೆಗೆ ಮೋಟಾರು ಇಡಬಾರದು, ಆದರೆ ನೆಲದಲ್ಲಿ ಇಂಗಿ ಬೋರ್‌ವೆಲ್ಲಿಗೆ ಬಂದದ್ದನ್ನು ಹಿಪ್ಪುನೇರಳೆಗೆ ಹಾಯಿಸಿದರೆ ತೊಂದರೆಯಿಲ್ಲ ಎಂದು ಸಮಾಧಾನವಾಗಿಯೇ ಹೇಳಿದೆ. ಅದಕ್ಕೆ ಅವರು ರೇಷ್ಮೆ ಹುಳು ಮನೆಯ ಬಾಗಿಲಿಗೆ ಕೈ ಅಡ್ಡ ಹಿಡಿದು, "ಅಲ್ಲಿಂದ ಬಂದವಳು ಇದರೊಳಗೆ ಕಾಲಿಡಬೇಡಮ್ಮ" ಎಂದುಬಿಟ್ಟರು. ಹುಳು ಮನೆ ಅವರಿಗೆ ದೇವರ ಮನೆಗಿಂತ ಹೆಚ್ಚು, ಅದು ನಿನಗೂ ಗೊತ್ತು. ಚಪ್ಪಲಿ ಆಚೆ ಬಿಟ್ಟು, ಸ್ನಾನ ಆಯಿತೇ ಎಂದು ಕೇಳಿ, ಆಮೇಲೆ ರೇಷ್ಮೆ ಇಲಾಖೆಯ ಸಾಹೇಬರನ್ನೂ ಒಳಗೆ ಬಿಡುವ ಮನುಷ್ಯ. ಆದರೂ ನಡೆಯಲು ಕಲಿತದ್ದೇ ಆ ಮನೆಯಲ್ಲಿ, ಸೊಪ್ಪು ಹರಡುತ್ತಲೇ ಬೆಳೆದವಳನ್ನು ಹಾಗೆ ತಡೆಯುವುದೇ? ನೀನು ಒಬ್ಬಟ್ಟು ಮುಟ್ಟದೆ ಬಸ್ಸು ಹತ್ತಿದೆ. ನಾನೂ ಕೆಲವು ದಿನ ಅವರಿಗೆ ಮಾತಿಲ್ಲದ ಮುದ್ದೆ ಬಡಿಸಿದೆ.

ಈಗ ಕೇಳು. ನೀನು ಹೋದ ಮೇಲೆ ಅವರೂ ನೆಮ್ಮದಿಯಾಗಿರಲಿಲ್ಲ. ಯಾರಿಗೂ ಹೇಳದೆ, ತೋಟದ ಅಂಚಿನ ಎರಡು ಸಾಲಿಗೆ ಮಾತ್ರ ಆ ಬೋರ್‌ವೆಲ್ ನೀರು ಬಿಟ್ಟಿದ್ದಾರೆ. ಆ ಸೊಪ್ಪನ್ನು ಬೇರೆ ಗೋಣಿಯಲ್ಲಿ ಮುಚ್ಚಿಟ್ಟು, ಮೂಲೆಯ ಒಂದು ತಟ್ಟೆಯ ಹುಳುಗಳಿಗಷ್ಟೇ ಹಾಕಿ ಪರೀಕ್ಷೆ ಮಾಡುವುದು ಅವರ ಆಲೋಚನೆ. ಊದುಬತ್ತಿ ವಾಸನೆಗೂ ಮುದುಡುವ ಹುಳು ಸುಳ್ಳು ಹೇಳುವುದಿಲ್ಲ ಎಂಬುದು ಅವರ ನಂಬಿಕೆ. ಹುಳುಗಳು ಮೇವು ಬಿಟ್ಟು ಮಲಗುವ ನಾಲ್ಕನೇ ಜ್ವರದಿಂದ ಎದ್ದು ಪೊರೆ ಬಿಟ್ಟು ಹಸಿದಿದ್ದವು. ಇವರು ಗೊಬ್ಬರ ತರಲು ದಿಬ್ಬೂರಹಳ್ಳಿಗೆ ಹೋದರು. ನಿಮ್ಮಜ್ಜಿ ಸ್ನಾನ ಮುಗಿಸಿ ಒಳಗೆ ಹೋದವರು ಗೋಣಿ ಬಿಚ್ಚಿ, ಎಷ್ಟು ಎಳಸಾದ ಸೊಪ್ಪು ಎಂದು ಸಂತೋಷಪಟ್ಟು, ಮನೆಯ ಅಷ್ಟೂ ಹುಳುಗಳಿಗೆ ಹಂಚಿಬಿಟ್ಟರು! ಇವರು ಬಂದು ಖಾಲಿ ಗೋಣಿಯನ್ನು ಕೊಡವಿ ಕೊಡವಿ ನೋಡಿದರು. ನಿಮ್ಮಜ್ಜಿ ಸೊಂಟದ ಮೇಲೆ ಕೈಯಿಟ್ಟು, "ಏಮಿರಾ, ಮೂಲೇಲಿರೋವು ಮಾತ್ರ ನಿನ್ನ ಮಕ್ಕಳು, ಉಳಿದವು ಬೀದಿಯವಾ? ಎಲ್ಲಕ್ಕೂ ಹಾಕ್ದೆ" ಎಂದರು. ನಾನು ಸೆರಗು ಬಾಯಿಗಿಟ್ಟುಕೊಂಡು ಹಿತ್ತಲಿಗೆ ಓಡಿದೆ, ನಗು ತಡೆಯಲಾಗಲಿಲ್ಲ.

ನಗು ಬಂದರೂ ಭಯವೂ ಆಯಿತು ಕಣೇ. ಒಂದು ತಟ್ಟೆ ಹೋದರೆ ಹೋಗಲಿ ಎಂದುಕೊಂಡಿದ್ದವರ ಬೆಳೆಯೆಲ್ಲವೂ ಆ ನೀರಿನ ಮೇಲೆ ನಿಂತಿತು. ನಿಮ್ಮಪ್ಪ ಊಟ ಬಿಟ್ಟು ಹುಳುಗಳ ಮುಂದೆ ಕೂತರು. ಯಾವುದು ಸಪ್ಪೆಯಾಯಿತು, ಯಾವುದು ಊದಿಕೊಂಡಿತು ಎಂದು ಒಂದೊಂದನ್ನೂ ನೋಡಿದರು. ಹುಳುಗಳೋ, ಸೊಪ್ಪು ಮೇಯುವ ಸದ್ದು ಹಜಾರದವರೆಗೆ ಕೇಳುವ ಹಾಗೆ ತಿಂದು, ಮೈ ಹಳದಿಯಾಗಿ ಹಣ್ಣಾಗಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಏರಿದವು. ಚಂದ್ರಿಕೆ ತುಂಬ ಗೂಡು! ಮೊನ್ನೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ಒಬ್ಬ ರೀಲರು ನಮ್ಮ ಗೂಡನ್ನು ಕೈಯಲ್ಲಿ ಹಿಸುಕಿ ನೋಡಿ, ಯಾವ ನೀರಪ್ಪ ನಿನ್ನ ತೋಟಕ್ಕೆ ಎಂದು ಕೇಳಿದರಂತೆ. ನಿಮ್ಮಪ್ಪ ನಾಲ್ಕು ಜನಕ್ಕೆ ಕೇಳುವ ಹಾಗೆ, "ನಮ್ ಕವಿತ ಬೆಂಗಳೂರಲ್ಲಿ ತೊಳೆದು ಕಳಿಸಿದ್ ನೀರು" ಎಂದರಂತೆ. ಜೊತೆಗೆ ಹೋಗಿದ್ದ ಮುನಿಶಾಮಿ ಬಂದು ಇದನ್ನು ಹೇಳಿದಾಗ ನಾನು ಅತ್ತುಬಿಟ್ಟೆ ಕಣಮ್ಮ, ಸಂತೋಷಕ್ಕೆ.

ನಿನ್ನ ಕೋಣೆಗೆ ಬಂದಾಗ ಆ ಬೀದಿ ನೋಡಿ ನನಗೆ ದಿಗಿಲಾಗಿತ್ತು. ಮನೆಯ ಮೇಲೆ ಮನೆ, ಟ್ಯಾಂಕರಿಗೆ ಕೊಡಗಳ ಸಾಲು. ಇಷ್ಟು ಜನರ ಕೊಳೆ ಎಲ್ಲಿಗೆ ಹೋಗುತ್ತದೋ ಎಂದಿದ್ದೆ. ನೀನು ನನ್ನನ್ನು ಹತ್ತಿರದ ಕೆರೆಗೆ ಕರೆದುಕೊಂಡು ಹೋಗಿ, ಮೊದಲು ನೊರೆ ಉಕ್ಕಿ ಗಬ್ಬು ನಾರುತ್ತಿದ್ದ ಜಾಗದಲ್ಲಿ ಅಜ್ಜಂದಿರು ವಾಕಿಂಗ್ ಮಾಡುವುದನ್ನು ತೋರಿಸಿದೆ. ಊರು ಬೆಳೆಯುವುದನ್ನು ನಿಲ್ಲಿಸೋಕಾಗಲ್ಲಮ್ಮ, ಬಳಸಿದ್ದನ್ನ ಸರಿಮಾಡಿ ಕೊಡಬಹುದು ಎಂದೆ. ಇಲ್ಲಿ ನಮ್ಮ ಪಕ್ಕದ ತೋಟದ ಕೋನಪ್ಪನವರು ಇನ್ನೂ ಒಪ್ಪಿಲ್ಲ. ಅಲ್ಲಿ ಯಂತ್ರ ಕೆಟ್ಟು, ಕೊಳೆ ನೀರನ್ನು ಹಾಗೇ ಬಿಟ್ಟರೆ ನಮ್ಮ ಗತಿಯೇನು ಎನ್ನುತ್ತಾರೆ. ಅವರು ಕೇಳುವುದೂ ನ್ಯಾಯವೇ. ಆ ಕೆಲಸದಲ್ಲಿ ಉದಾಸೀನ ಮಾಡಬೇಡ ಮಗಳೇ. ನೀನು ಅಲ್ಲಿದ್ದೀಯ ಎಂಬುದೇ ನನಗೆ ಧೈರ್ಯ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಜ್ಜಿ ನಿನ್ನ ತಲೆಗೆ ಹರಳೆಣ್ಣೆ ಹಚ್ಚಲು ಕಾಯುತ್ತಿದ್ದಾರೆ. ನೂರು ಕಾಲ ಚೆನ್ನಾಗಿರು.

ನಿನ್ನ ಅಮ್ಮ,
ಆದಿಲಕ್ಷ್ಮಮ್ಮ

ತಾ.ಕ.: ಮುನಿಶಾಮಿ ಹಾರ್ನ್ ಹೊಡೆಯುತ್ತಿದ್ದಾನೆ. ಗುರುವಾರ ನಿಮ್ಮಪ್ಪ ನೀನು ಕೆಲಸ ಮಾಡುವ ಜಾಗ ನೋಡಲು ಬರುತ್ತಾರಂತೆ. ಈಗ ತಾನೇ ತೋಟದಿಂದ ಬಂದವರು, ನನ್ನ ಮುಖ ನೋಡದೆ, ಗೋಡೆಯ ಕಡೆ ತಿರುಗಿಕೊಂಡು ಕೇಳಿದರು: "ಅವಳನ್ನ ಒಂದ್ ಮಾತು ಕೇಳೇ. ಅಲ್ಲಿಗೆ ಹೋಗೋಕ್ ಮುಂಚೆ ಸ್ನಾನ ಮಾಡಿರ್ಬೇಕಾ? ಚಪ್ಪಲಿ ಆಚೆ ಬಿಡ್ಬೇಕಾ?" ಏನು ಹೇಳಲಿ, ಬೇಗ ತಿಳಿಸು.