ಗುಡಿಯ ಹೊರಗೆ ಬಿಟ್ಟ ಬೂಟು

ಮುಳಬಾಗಿಲು
ಆಗಸ್ಟ್ ೨೦೦೭

ಪ್ರೀತಿಯ ಕದಿರೇಶನಿಗೆ,

ಬೈಕಿನಿಂದ ಬಿದ್ದು ನಾನು ಹಾಸಿಗೆ ಹಿಡಿದಾಗ, ಎಡಗಾಲು ಉಳಿಯುವುದೇ ಅನುಮಾನ ಎಂದಿದ್ದರು ಡಾಕ್ಟರು. ಮಾರನೆಯ ವಾರವೇ ನೀನು ವೇಮಗಲ್‌ನಿಂದ ನಿನ್ನ ಕಂಪ್ಯೂಟರನ್ನು ಆಟೋದಲ್ಲಿ ಹಾಕಿಕೊಂಡು ಬಂದು ನನ್ನ ಮಂಚದ ಪಕ್ಕ ಇಟ್ಟೆ.

ಅದರಲ್ಲಿದ್ದ, ಯೋಧನೊಬ್ಬ ಕುದುರೆಯೇರಿ ಊರೂರು ಸುತ್ತುವ ಆ ಆಟದ ಬಗ್ಗೆ ನಾವು ಜಗಳವಾಡದ ಭಾನುವಾರವಿಲ್ಲ. ಕುದುರೆ ಬಂಡೆಗೆ ಸಿಕ್ಕಿಕೊಂಡರೆ ಅಲ್ಲಾಡುವುದಿಲ್ಲ, ಯಾವ ಊರಿಗೆ ಹೋದರೂ ಜನರಿಗೆಲ್ಲ ಒಂದೇ ದನಿ ಎಂದು ನಾನು ಬೈಯುತ್ತಿದ್ದೆ. "ಕಾಣೋ ಬೆಟ್ಟಕ್ಕೆಲ್ಲ ಹೋಗ್ಬೋದು ಕಣೋ, ಇನ್ನೇನ್ ಬೇಕು ನಿಂಗೆ?" ಎನ್ನುತ್ತಿದ್ದೆ ನೀನು. ಮಲಗಿದ್ದವನಿಗೆ ಅದು ಎಷ್ಟು ದೊಡ್ಡದೆಂದು ಬಾಯಿಬಿಟ್ಟು ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.

ಬೂಟಿನ ಸಿಟ್ಟು ಇನ್ನೂ ಇದೆಯೇ? ನಾವಿಬ್ಬರೂ ಸರದಿಯಲ್ಲಿ ಆಡಿಸುತ್ತಿದ್ದ ಯೋಧನಿಗೆ ನೀನು ಕಷ್ಟಪಟ್ಟು ಗಳಿಸಿದ ಬೂಟದು. ನಾನು ಗುಡಿಯ ಬಾಗಿಲಲ್ಲಿ ಬಿಚ್ಚಿಸಿ, ಬರಿಗಾಲಲ್ಲಿ ಅವನನ್ನು ಒಳಗೆ ಕರೆದೊಯ್ದೆ. ಹೊರಬಂದರೆ ಬೂಟು ಮಾಯ. "ಲೇ, ಆಟದಲ್ಲೂ ಚಪ್ಪಲಿ ಬಿಡ್ತಾರೇನೋ?" ಎಂದು ನೀನು ತಲೆ ಚಚ್ಚಿಕೊಂಡೆ. ಅರ್ಚಕರ ಮನೆಯಲ್ಲಿ ಹುಟ್ಟಿದವನ ಅಭ್ಯಾಸ, ಏನು ಮಾಡಲಿ. ಆದರೆ ಆಮೇಲೆ ಗುಡಿ ಬಂದಾಗಲೆಲ್ಲ ನೀನೂ ಬೂಟು ಬಿಚ್ಚಿಸಿ ಅವನ ಚೀಲದಲ್ಲಿಡುತ್ತಿದ್ದೆ. ನಿದ್ದೆ ಬಂದವನಂತೆ ಮಲಗಿ ನಾನು ನೋಡುತ್ತಿದ್ದೆ.

ಕಂಪ್ಯೂಟರನ್ನು ತೆಗೆದುಕೊಂಡು ಹೋಗಲು ಈ ಭಾನುವಾರ ಬಾ. ಊಟ ಮಾಡದೆ ಕಳಿಸುವುದಿಲ್ಲ ಎಂದು ಅಮ್ಮ ಹೇಳಿದ್ದಾರೆ.

ನಾನು ಬಿದ್ದ ದಿನ ರಸ್ತೆಯಿಂದ ನನ್ನ ಚಪ್ಪಲಿ ಎತ್ತಿಟ್ಟುಕೊಂಡಿದ್ದೆಯಲ್ಲ, ಬರುವಾಗ ತಾ. ಎರಡನ್ನೂ ತಾ.

ನಿನ್ನ
ಸಂಕರ್ಷಣ