ಒಂಬತ್ತನೇ ಬಾಗಿಲು

ಜೈಲಿನ ಕಂಪ್ಯೂಟರ್ ಕೋಣೆ
ಮಾರ್ಚ್ ೧೪

ಪ್ರೀತಿಯ ಅಣ್ಣಾ,

ನಿನ್ನ ಸೊಂಟನೋವು ಹೇಗಿದೆ? ಅತ್ತಿಗೆ ಹೇಳಿದಂತೆ ದಿನಾ ನಡೆಯುತ್ತಿದ್ದೀಯೋ, ಅಥವಾ ಕುರ್ಚಿಯಲ್ಲೇ ಕೂತು ನಡೆದೆ ಎಂದು ಸುಳ್ಳು ಹೇಳುತ್ತೀಯೋ?

ಹಿಂದೆ ನೀನು ಈ ಜೈಲಿನ ಬಾಗಿಲುಗಳಿಗೆ ಬರೆದ ಪ್ರೋಗ್ರಾಂ ಅನ್ನು ಹೊಸ ವ್ಯವಸ್ಥೆಗೆ ಸಾಗಿಸುತ್ತಿದ್ದೇನೆ, ಒಂದು ಸಲಕ್ಕೆ ಒಂದೇ ವಿಭಾಗ. ಮಿಕ್ಕ ಕಡೆ ನಿನ್ನದೇ ಓಡುತ್ತಿರುತ್ತದೆ. ಹೋದ ವಾರ ಗಂಡಸರ ವಿಭಾಗದ ಸರದಿ. ನಾಲ್ಕನೇ ಬಾಗಿಲು ತೆರೆದಿರುವಾಗ ಐದನೆಯದು ತೆರೆಯಬಾರದು ಎಂದು ನೀನು ಬರೆದಿದ್ದೆ. ಯಾಕೆಂದು ಒಂದು ಮಾತೂ ಇರಲಿಲ್ಲ, ಸೋಮಾರಿ. ಹಳೇ ಯಂತ್ರಕ್ಕೆ ಹಾಕಿದ ತೇಪೆ ಎಂದುಕೊಂಡು ಹೊಸದರಲ್ಲಿ ಹಾಕದೆ ಬಿಟ್ಟುಬಿಟ್ಟೆ. ಊಟದ ಹೊತ್ತಿಗೆ ಎರಡೂ ತೆರೆದವು. ಒಬ್ಬರನ್ನೊಬ್ಬರು ಕೊಲ್ಲಲು ಕಾಯುತ್ತಿದ್ದ ಎರಡು ಗುಂಪುಗಳು ಒಂದೇ ಓಣಿಯಲ್ಲಿ ಎದುರಾದವು. ಮಸೆದ ಚಮಚದ ಹಿಡಿ ಒಬ್ಬನ ಕೊರಳಿಗೆ ಇಳಿದದ್ದನ್ನು ಪರದೆಯ ಮೇಲೆ ನೋಡಿದೆ. ಬಿಡಿಸಲು ಹೋದ ಕಾವಲುಗಾರನ ಮುಖವನ್ನು ಕಂಬಿಗೆ ಚಚ್ಚಿದರು. ಸ್ಟ್ರೆಚರ್ ಮೇಲೆ ರಕ್ತ ಉಗುಳುತ್ತಾ ಆತ, "ನಿಮ್ ಹೊಸ್ದು ಭಾರೀ ಚುರುಕು ಕಣಮ್ಮ" ಎಂದ.

ಅಂದಿನಿಂದ ನಿನ್ನ ಒಂದು ಸಾಲನ್ನೂ ವಿಚಾರಿಸದೆ ಬಿಡುತ್ತಿಲ್ಲ. ಇದು ಎಚ್ಚರವೋ ಹೆದರಿಕೆಯೋ, ನನಗೇ ಗೊತ್ತಿಲ್ಲ. ಈಗ ಹೆಂಗಸರ ವಿಭಾಗಕ್ಕೆ ಬಂದಿದ್ದೇನೆ. ಒಂದು ನಿರ್ದಿಷ್ಟ ಕಾರ್ಡು ತೋರಿಸಿದರೆ ಅಲ್ಲಿನ ಒಂಬತ್ತನೇ ಬಾಗಿಲು ಯಾವತ್ತೂ ತೆರೆಯಕೂಡದು ಎಂದು ಬರೆದಿದ್ದೀಯ. ಆ ಕಾರ್ಡು ಆಗ ಒಬ್ಬ ಸಾಮಾನ್ಯ ಕಾವಲುಗಾರನದು. ಈಗ ಅವನೇ ಇಲ್ಲಿನ ಅಧೀಕ್ಷಕ. "ಹಳೇ ಕಸ ಎಲ್ಲ ಯಾಕ್ ಹೊತ್ಕೊಂಡ್ ಹೋಗ್ತೀರ ಮೇಡಂ? ಒಂಬತ್ನೇದ್ರದ್ದು ಬಿಟ್ಬಿಡಿ" ಎಂದು ನಕ್ಕ. ಅಷ್ಟು ಸಾವಿರ ಸಾಲುಗಳಲ್ಲಿ ಅದೊಂದೇ ಅವನಿಗೆ ಹೇಗೆ ಗೊತ್ತು? ಆಗಿನಿಂದಲೂ ಒಳಗಿರುವ ಕೈದಿ ಒಬ್ಬಾಕೆಯನ್ನು ಕೇಳಿದೆ. ಆಕೆ ತೋಳು ಮೇಲೆತ್ತಿ ಸಿಗರೇಟಿನಿಂದ ಸುಟ್ಟ ಗುರುತು ತೋರಿಸಿದಳು. "ಆ ಬಾಗ್ಲು ಅವನಿಗೆ ತೆಗಿಯೋದು ನಿಂತ್ಮೇಲೇ ನಾವು ರಾತ್ರಿ ಕಣ್ಮುಚ್ಚಿ ಮಲಗಿದ್ದು" ಎಂದಳು. ನೀನು ನಮಗೆ ಯಾಕೆ ಒಂದು ಮಾತೂ ಹೇಳಲಿಲ್ಲ, ಅಣ್ಣಾ?

ಅತ್ತಿಗೆಗೆ ನಮಸ್ಕಾರ ಹೇಳು. ಮಕ್ಕಳ ಕೆನ್ನೆ ನನ್ನ ಪರವಾಗಿ ಹಿಂಡು.

ನಿನ್ನ ತಲೆಹರಟೆ ತಂಗಿ

ಮ.ವಿ.: ಇದು ಎಡಗೈ ಬರಹ. ಈಗಷ್ಟೇ ಆ ಅಧೀಕ್ಷಕ ಬಂದು ಒಂಬತ್ತನೇ ಬಾಗಿಲಿನ ಸಾಲು ಅಳಿಸು ಎಂದ. ಆಗಲ್ಲ ಎಂದೆ. ನನ್ನ ಬಲಗೈಯನ್ನು ಉಕ್ಕಿನ ಕಪಾಟಿನ ಸಂದಿಗೆ ಒತ್ತಿ ಹಿಡಿದು ಅದರ ಬಾಗಿಲನ್ನು ಒದ್ದು ಮುಚ್ಚಿದ. ಬೆರಳು ಮುರಿದಿವೆ. ಸಾಲು ಹೊಸದರಲ್ಲಿದೆ, ಓಡುತ್ತಿದೆ. ನನ್ನನ್ನು ಎಬ್ಬಿಸಿ ಬೇರೆಯವರನ್ನು ಕೂರಿಸುವ ತನಕ ಅಷ್ಟೇ. ಕೈದಿಯ ಮಾತನ್ನು ಯಾರೂ ನಂಬುವುದಿಲ್ಲ. ಆ ಸಾಲನ್ನು ನೀನು ಯಾಕೆ ಬರೆದೆ ಎಂದು ಮೇಲಿನವರ ಎದುರು ಹೇಳಬಲ್ಲವನು ನೀನೊಬ್ಬನೇ. ಉತ್ತರ ಬರೆಯಬೇಡ, ಬಾ.